ಕಾಗದದಲ್ಲೊಂದು ಗಾಡಿ, ರಸ್ತೆಯಲ್ಲೊಂದು ಗಾಡಿ

ಯಾದಗಿರಿ, ಶಹಾಪುರ, ಸುರಪುರದ ಕಡೆ ಈಗ ಕೆಎ-33 ಅಲ್ಲದ ಗಾಡಿಗಳು ಬಹಳ ಕಾಣುತ್ತವೆ. ತೆಲಂಗಾಣ ಪಕ್ಕದಲ್ಲೇ ಇದೆ, ಅಲ್ಲಿಂದ ಬರುವುದು ಹೊಸದೇನಲ್ಲ. ದಿಲ್ಲಿಯಲ್ಲಿ ಹತ್ತು ವರ್ಷ ದಾಟಿದ ಡೀಸೆಲ್ ಗಾಡಿಗಳ ಮೇಲೆ ನಿರ್ಬಂಧ ಬಂದ ಮೇಲೆ ಅಲ್ಲಿಯ ಕಾರುಗಳು ಅಗ್ಗವಾದವು, ಅವೂ ಬಂದವು. ಕೇರಳದಿಂದ ಬರುವವು ಇನ್ನೊಂದು ಬಗೆ. ಎತ್ತರಿಸಿದ ಬಾಡಿ, ಅಗಲದ ಟೈರು, ಮುಂದೆ ಕಬ್ಬಿಣದ ಗಾರ್ಡ್, ಗುಡುಗುವ ಸೈಲೆನ್ಸರ್. ಹೊರರಾಜ್ಯದ ಹಳೆಯ ಕಾರು ಕೊಳ್ಳುವುದರಲ್ಲಿ ತಪ್ಪೇನೂ ಇಲ್ಲ. ಆದರೆ ಆರ್‌ಸಿಯಲ್ಲಿ ಒಂದು ಗಾಡಿ, ಬಾಗಿಲ ಮುಂದೆ ಇನ್ನೊಂದು ಗಾಡಿ ಇದ್ದರೆ ಅದನ್ನು ಕೊಳ್ಳಬಾರದು, ಮಾರಲೂಬಾರದು ಎಂಬುದು ನಮ್ಮ ಅಭಿಪ್ರಾಯ. ನಾವು ಮದ್ರಸದಲ್ಲಿ ಕಲಿಸುವವರು, ಇಂಜಿನ್ ಬಿಚ್ಚಿ ಗೊತ್ತಿಲ್ಲ. ಆದರೂ ಕಾನೂನು ಓದಿದರೆ ವಿಷಯ ಅಷ್ಟೇನೂ ಕಷ್ಟವಿಲ್ಲ.

1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಹೇಳುವುದು ಇಷ್ಟೇ: ಕಂಪನಿ ತಯಾರಿಸಿ ಕೊಟ್ಟಾಗ ನೋಂದಣಿಯಲ್ಲಿ ಏನಿತ್ತೋ ಅದಕ್ಕೆ ಹೊಂದದಂತೆ ಗಾಡಿ ಬದಲಿಸುವಂತಿಲ್ಲ. ಕೇರಳದಿಂದಲೇ ಹೋದ ಪ್ರಕರಣದಲ್ಲಿ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿ ಹಿಡಿಯಿತು. ಅದೇ ವರ್ಷ ಕಾಯ್ದೆಗೆ ತಿದ್ದುಪಡಿಯೂ ಆಯಿತು. ಅನುಮತಿ ಇಲ್ಲದ ಒಂದೊಂದು ಬದಲಾವಣೆಗೂ ಮಾಲೀಕನಿಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಒಂದೊಂದಕ್ಕೂ ಅಂದರೆ ಲೆಕ್ಕ ಹಾಕಿಕೊಳ್ಳಿ. ಮುಂದಿನ ಕಬ್ಬಿಣದ ಗಾರ್ಡ್ ತೆಗೆಸಿ ಎಂದು ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರ್‌ನಲ್ಲೇ ರಾಜ್ಯಗಳಿಗೆ ಬರೆದಿತ್ತು.

ಕೊಲ್ಲಿಯಿಂದ ರಜೆಗೆ ಬಂದ ಹುಡುಗರು "ಅಲ್ಲಿಯ ಕಾರನ್ನೇ ತಂದರೆ ಹೇಗೆ ಉಸ್ತಾದ್?" ಅಂತ ಕೇಳುವುದುಂಟು. ಅಲ್ಲಿ ಸ್ಟಿಯರಿಂಗ್ ಎಡಗಡೆ. ಇಲ್ಲಿಗೆ ಬಳಸಿದ ಕಾರು ತರಬೇಕಾದರೆ ಸ್ಟಿಯರಿಂಗ್ ಬಲಗಡೆ ಇರಬೇಕು, ಗಾಡಿ ತಯಾರಾಗಿ ಮೂರು ವರ್ಷ ದಾಟಿರಬಾರದು, ಮುಂಬೈ ಬಂದರಿನಲ್ಲೇ ಇಳಿಯಬೇಕು, ಹೆಡ್‌ಲೈಟ್ ಎಡಬದಿ ಸಂಚಾರಕ್ಕೆ ಹೊಂದಬೇಕು. ಮೇಲೆ ಕಾರಿನ ಬೆಲೆಯನ್ನೇ ಮೀರಿಸುವ ಸುಂಕ. ಕಾರ್ನೆ ಎಂಬ ಕಾಗದದ ಮೇಲೆ ಸುಂಕವಿಲ್ಲದೆ ತರಬಹುದು ನಿಜ, ಆದರೆ ಅದು ಆರು ತಿಂಗಳ ಅತಿಥಿ. ವಾಪಸ್ ಕಳಿಸಲೇಬೇಕು, ಮಾರುವಂತಿಲ್ಲ. ಸೌದಿಯಲ್ಲಿ ಹತ್ತು ವರ್ಷ ಬೆವರು ಸುರಿಸಿದ ಹಣವನ್ನು ಸುಂಕಕ್ಕೆ ಸುರಿಯುವ ಬದಲು ತಂಗಿಯ ಓದಿಗೆ ಕೊಡಿ ಅಂತಲೇ ನಾವು ಹೇಳುವುದು.

ಅಡ್ಡದಾರಿ ಹಿಡಿದರೆ ಏನಾಗುತ್ತದೆ ಎಂಬುದನ್ನು ಕೇರಳ ಈಗಷ್ಟೇ ನೋಡಿದೆ. 2025ರ ಸೆಪ್ಟೆಂಬರ್‌ನಲ್ಲಿ ಕಸ್ಟಮ್ಸ್ ಇಲಾಖೆ 'ಆಪರೇಷನ್ ನುಮ್‌ಖೋರ್' ಎಂಬ ಹೆಸರಲ್ಲಿ ದಾಳಿ ನಡೆಸಿತು. ಭೂತಾನಿನಿಂದ ಕಳ್ಳದಾರಿಯಲ್ಲಿ ತಂದು, ಬೇರೆ ರಾಜ್ಯಗಳಲ್ಲಿ ಸುಳ್ಳು ದಾಖಲೆಯಿಂದ ನೋಂದಣಿ ಮಾಡಿಸಿದ ಗಾಡಿಗಳು ಎಂಬ ಆರೋಪದ ಮೇಲೆ ಹಲವು ಕಾರುಗಳನ್ನು ವಶಕ್ಕೆ ಪಡೆಯಿತು. ಮೂರನೇ ಕೈ, ನಾಲ್ಕನೇ ಕೈಯಾಗಿ ಕೊಂಡವನಿಗೆ ಭೂತಾನ್ ಎಲ್ಲಿದೆ ಅಂತಲೂ ಗೊತ್ತಿರಲಿಕ್ಕಿಲ್ಲ. ಅಧಿಕಾರಿಗಳು ಬಂದು ನಿಲ್ಲುವುದು ಮಾತ್ರ ಅವನ ಮನೆ ಮುಂದೆಯೇ.

ದಂಡಕ್ಕಿಂತ ನಮ್ಮನ್ನು ಚಿಂತೆಗೆ ಹಚ್ಚುವುದು ಬೇರೆ. ಬದಲಾವಣೆ ಮಾಡಿದ್ದನ್ನು ವಿಮಾ ಕಂಪನಿಗೆ ತಿಳಿಸದಿದ್ದರೆ, ಅಪಘಾತವಾದಾಗ ಪರಿಹಾರ ನಿರಾಕರಿಸಲು ಅವರಿಗೆ ನಾವೇ ಕಾರಣ ಕೊಟ್ಟ ಹಾಗೆ. ಶಹಾಪುರ-ಸುರಪುರ ಹೆದ್ದಾರಿಯಲ್ಲಿ ಸುಗ್ಗಿಯ ರಾತ್ರಿ ಹತ್ತಿ ತುಂಬಿದ ಟ್ರ್ಯಾಕ್ಟರ್‌ಗಳು ಸಾಲಾಗಿ ಬರುತ್ತವೆ. ಎದುರಿನಿಂದ ಬಿಳಿ ಎಲ್‌ಇಡಿ ಹೊಡೆದರೆ ಚಾಲಕನಿಗೆ ಕಣ್ಣು ಕತ್ತಲು. (ಟ್ರ್ಯಾಲಿಗಳಿಗೂ ಹಿಂದೆ ದೀಪ ಇರುವುದಿಲ್ಲ, ಅದನ್ನೂ ಹೇಳಬೇಕು.) 2024ರಲ್ಲಿ ರಾಜ್ಯದ ಪೊಲೀಸರು ಕಣ್ಣು ಕುಕ್ಕುವ ದೀಪಗಳ ವಿರುದ್ಧ ಕಾರ್ಯಾಚರಣೆ ನಡೆಸಿದಾಗ ನಮ್ಮವರೇ ಕೆಲವರು ಗೊಣಗಿದರು. ಆ ಟ್ರ್ಯಾಕ್ಟರ್ ಮೇಲೆ ಕೂತವರು ಗೊಣಗಲಿಲ್ಲ.

ಇನ್ನು ಮಾರುವವನ ಮಾತು. ಧಾನ್ಯದ ರಾಶಿಗೆ ಪ್ರವಾದಿಯವರು ಕೈ ಹಾಕಿದಾಗ ಒಳಗೆ ಒದ್ದೆ ಸಿಕ್ಕ ಪ್ರಸಂಗ ಮದ್ರಸದ ಮಕ್ಕಳಿಗೂ ಗೊತ್ತು. ಮೇಲೆ ಒಣಗಿದ್ದು, ಕೆಳಗೆ ನೆನೆದದ್ದು. ಬದಲಿಸಿದ ಇಂಜಿನ್ ಮುಚ್ಚಿಟ್ಟು "ಕಂಪನಿ ಫಿಟ್ಟಿಂಗ್" ಅಂತ ಮಾರುವುದಕ್ಕೂ ಅದಕ್ಕೂ ಏನು ವ್ಯತ್ಯಾಸ?

ಕಾನೂನು ಎಲ್ಲ ಬಾಗಿಲನ್ನೂ ಮುಚ್ಚಿಲ್ಲ. ಅನುಮತಿ ಪಡೆದು ಸಿಎನ್‌ಜಿ ಕಿಟ್ ಹಾಕಿಸಬಹುದು. ಅಂಗವಿಕಲರು ತಮಗೆ ಬೇಕಾದಂತೆ ಗಾಡಿ ಮಾರ್ಪಡಿಸಿಕೊಳ್ಳಬಹುದು, ಆರ್‌ಸಿಯಲ್ಲಿ ನಮೂದಾಗಬೇಕು ಅಷ್ಟೇ. ಆದರೆ ಹುಣಸಗಿಯ ಅಂಗವಿಕಲನೊಬ್ಬ ಪಕ್ಕಕ್ಕೆ ಎರಡು ಚಕ್ರ ಸೇರಿಸಿದ ಸ್ಕೂಟರಿನ ಕಾಗದಕ್ಕಾಗಿ ಯಾದಗಿರಿಗೆ ಎಷ್ಟು ಸಲ ಅಲೆಯಬೇಕು? ಇಲಾಖೆ ಸುರಪುರದಲ್ಲಿ, ಹುಣಸಗಿಯಲ್ಲಿ ತಿಂಗಳಿಗೊಮ್ಮೆ ಇದಕ್ಕೆಂದೇ ಶಿಬಿರ ನಡೆಸಲಿ, ಜಮಾಅತಿನವರು ಜುಮಾ ಬಳಿಕ ಅದನ್ನು ಸಾರಲಿ. ತಪಾಸಣೆಯಲ್ಲಿ ಮೊದಲು ಸಿಕ್ಕಿಬೀಳುವುದು ಟಂಟಂ ಓಡಿಸುವವನು, ಎತ್ತರದ ಜೀಪಿನವನು ಫೋನ್ ಕೊಟ್ಟು ಹೊರಡುತ್ತಾನೆ ಎಂಬ ಮಾತೂ ಊರಲ್ಲಿದೆ. ಆ ಮಾತು ಸುಳ್ಳಾಗುವಂತೆ ಮಾಡುವುದು ಅಧಿಕಾರಿಗಳ ಕೈಯಲ್ಲಿದೆ.

ಕೊಳ್ಳುವವರಿಗೆ ಇಷ್ಟು: ಟೋಕನ್ ಹಣ ಕೊಡುವ ಮೊದಲು ಎಂಪರಿವಾಹನ್‌ನಲ್ಲಿ ನಂಬರ್ ಹಾಕಿ ನೋಡಿ. ಚಾಸಿ ಮೇಲೆ ಕೆತ್ತಿದ ಸಂಖ್ಯೆ, ಇಂಜಿನ್ ಸಂಖ್ಯೆ, ಬಣ್ಣ, ಸೀಟಿನ ಲೆಕ್ಕ ಆರ್‌ಸಿಗೆ ತಾಳೆಯಾಗಬೇಕು. ಮೂಲ ರಾಜ್ಯದ ಎನ್‌ಒಸಿ ಮಾರುವವನೇ ತಂದುಕೊಡಲಿ. ಹನ್ನೆರಡು ತಿಂಗಳು ಮೀರಿ ಇಲ್ಲೇ ಇಟ್ಟುಕೊಳ್ಳುವುದಾದರೆ ಇಲ್ಲಿಯ ನಂಬರ್ ಪಡೆಯಲೇಬೇಕು, ಆಗ ತೆರಿಗೆಯನ್ನೂ ಇಲ್ಲಿ ಕಟ್ಟಬೇಕು. ಕೊಟ್ಟಿದ್ದ ತೆರಿಗೆಯ ಬಾಕಿ ಹಣ ವಾಪಸ್ ಕೇಳಬೇಕಾದದ್ದು ಅಲ್ಲಿಯ ಕಚೇರಿಯಲ್ಲಿ. ಆ ಮೊತ್ತವನ್ನೂ ಸೇರಿಸಿಯೇ ಬೆಲೆ ಮಾತಾಡಿ.