ಕಾಯಿ ನಿಂತ ಜಾಗ

ಕಳೆದ ತಿಂಗಳು ಊರಿಗೆ ಹೋಗಿದ್ದೆ. ಗಂಡಸಿ ಹ್ಯಾಂಡ್‌ಪೋಸ್ಟಲ್ಲಿ ಬಸ್ ಇಳಿದು ಮನೆ ಸೇರೋ ಹೊತ್ತಿಗೆ ಅಕ್ಕನ ಮಗಳು ಜಗಲಿ ಮೇಲೆ ಕಾಯ್ತಾ ಕೂತಿದ್ದಳು. ಐದನೇ ಕ್ಲಾಸು. ಕೈಯಲ್ಲಿ ನೋಟ್‌ಬುಕ್ಕು.

"ಮಾವ, ತಾತ ಕಾಯಿ ಹಿಡ್ಕೊಂಡು ನೀರು ನೋಡ್ತಾರಲ್ಲ, ಅದು ನಿಜಾನಾ ಅಂತ ಹೆಂಗ್ ಗೊತ್ತಾಗೋದು?"

ಅವಳ ಮೇಷ್ಟ್ರು ಕೊಟ್ಟ ಹೋಂವರ್ಕು ಅದು. ಮನೇಲಿ ಎಲ್ಲರೂ ನಂಬಿರೋ ಒಂದು ವಿಷಯ ಆರಿಸ್ಕೊಳ್ಳಿ, ಅದನ್ನ ಪರೀಕ್ಷೆ ಮಾಡೋದು ಹೇಗೆ ಅಂತ ಬರ್ಕೊಂಡು ಬನ್ನಿ. ಉತ್ತರ ಬೇಡವಂತೆ, ಪರೀಕ್ಷೆ ಸಾಕಂತೆ. ನನ್ನ ಕಾಲದಲ್ಲಿ ವಿಜ್ಞಾನ ಅಂದ್ರೆ ಥರ್ಮಾಕೋಲ್ ಜ್ವಾಲಾಮುಖಿ, ಅದನ್ನೂ ಮಾಡಿಕೊಟ್ಟಿದ್ದು ಅಪ್ಪ.

ಬೆಂಗಳೂರಲ್ಲೇ ಹುಟ್ಟಿ ಬೆಳೆದವರಿಗೆ ಹೇಳಿಬಿಡ್ತೀನಿ. ನಮ್ಮ ಅರಸೀಕೆರೆ ಸೀಮೆ ಅಂದ್ರೆ ತೆಂಗು. ತೆಂಗು ಉಳಿಯೋದು ಬೋರಿನಿಂದ. ಬೋರು ಕೊರೆಸೋ ಮುಂಚೆ ಯಾರಾದ್ರೂ ಪಾಯಿಂಟ್ ಮಾಡಬೇಕು. ಜುಟ್ಟು ಇರೋ ಕಾಯಿಯನ್ನ ಅಂಗೈ ಮೇಲೆ ಮಲಗಿಸಿಕೊಂಡು ತೋಟದಲ್ಲಿ ನಡೀತಾರೆ. ನೀರಿರೋ ಜಾಗ ಬಂದಾಗ ಕಾಯಿ ತಾನಾಗೇ ಎದ್ದು ನಿಲ್ಲುತ್ತೆ ಅನ್ನೋದು ನಂಬಿಕೆ. ನಮ್ಮಪ್ಪನ ಕೈಲಿ ಅದು ನಿಲ್ಲುತ್ತೆ. ಸುತ್ತಮುತ್ತಲಿನವರು ಬಂದು ಕರ್ಕೊಂಡು ಹೋಗ್ತಾರೆ. ಒಂದು ಪೈಸೆ ತಗೊಳಲ್ಲ.

ಅಪ್ಪ ನೋಡಿದ ಜಾಗದಲ್ಲೇ ನಮ್ಮ ತೋಟದಲ್ಲಿ ಎರಡು ಬೋರು ಫೇಲಾಗಿವೆ. ಎರಡನೇದು 720 ಅಡಿ, ಬರೀ ಧೂಳು ಬಂತು. ಆ ಸಾಲದ ಕಂತು ಈಗಲೂ ನನ್ನ ಸಂಬಳದಲ್ಲಿ ಹೋಗ್ತಿದೆ. ಮೂರನೇ ಪಾಯಿಂಟಿಗೆ ಕಲ್ಲು ನೆಟ್ಟಾಗಿತ್ತು, ದುಡ್ಡಿನ ಮಾತಾಡೋಕೇ ನನ್ನನ್ನ ಕರೆಸಿದ್ದು. ಇಂಥ ಹೊತ್ತಲ್ಲಿ ಈ ಹುಡುಗಿ ಪ್ರಶ್ನೆ! "ಬೇರೆ ಏನಾದ್ರೂ ಆರಿಸ್ಕೋ ಪುಟ್ಟಿ, ಬೆಕ್ಕು ಅಡ್ಡ ಬರೋದು ಗಿಡ್ಡ ಬರೋದು" ಅಂದೆ. ಇಂಜಿನಿಯರಿಂಗ್ ಓದಿದವನ ಧೈರ್ಯ ಇಷ್ಟೇ.

ಅವಳು ನೇರವಾಗಿ ತಾತನನ್ನೇ ಕೇಳಿದಳು. ಅಪ್ಪ ನಕ್ಕು ಒಪ್ಪಿಕೊಂಡುಬಿಟ್ರು.

ಮೊದಲನೇ ಪರೀಕ್ಷೆ ಐದು ಬಕೆಟ್‌ದು. ಒಂದರಲ್ಲಿ ಮಾತ್ರ ನೀರು, ಎಲ್ಲದರ ಮೇಲೂ ಗೋಣಿಚೀಲ. ಅಪ್ಪ ಮಧ್ಯದಲ್ಲೇ ತಡೆದರು. "ಬಕೆಟ್ ನೀರೇ ಬೇರೆ, ಭೂಮಿ ಒಳಗೆ ಹರಿಯೋ ನೀರೇ ಬೇರೆ ಮಗ." ನ್ಯಾಯವಾದ ಆಕ್ಷೇಪಣೆ. ಅವಳು ವಾದ ಮಾಡಲಿಲ್ಲ. ರಬ್ಬರ್ ತಗೊಂಡು ಅಳಿಸಿ, ಹೊಸದಾಗಿ ಬರೆದಳು: ಅದೇ ತೋಟ, ಅದೇ ತಾತ, ಅದೇ ಕಾಯಿ. ಒಂದು ಸಲ ಕಣ್ಣು ಬಿಟ್ಟು, ನಾಲ್ಕು ಸಲ ಕಣ್ಣು ಕಟ್ಟಿ. ನೀರು ಒಳಗೇ ಇರುತ್ತಲ್ಲ, ಅದೇನು ಓಡಿಹೋಗಲ್ಲವಲ್ಲ?

ಕಣ್ಣು ಬಿಟ್ಟಾಗ ಕಾಯಿ ಕಲ್ಲು ನೆಟ್ಟ ಜಾಗದಲ್ಲೇ ಎದ್ದಿತು. ಟವಲ್ ಕಟ್ಟಿ, ಎರಡು ಸುತ್ತು ತಿರುಗಿಸಿ, ನಾನು ಮೊಳಕೈ ಹಿಡಿದು ನಡೆಸಿದಾಗ ನಾಲ್ಕು ಸಲಾನೂ ಎದ್ದಿತು, ನಾಲ್ಕು ಬೇರೆ ಬೇರೆ ಜಾಗದಲ್ಲಿ. ಒಂದೊಂದಕ್ಕೂ ಅವಳು ಒಂದು ತೆಂಗಿನ ಗರಿ ಇಟ್ಟಿದ್ದಳು. ಟವಲ್ ಬಿಚ್ಚಿ ಗರಿಗಳನ್ನ ನೋಡಿದ ಅಪ್ಪ ಸುಮ್ಮನೆ ನಿಂತರು. ಆಮೇಲೆ, "ಕಣ್ಣು ಕಟ್ಟಿದ್ರೆ ಶಕ್ತಿ ಬರಲ್ಲ" ಅಂದ್ರು.

ಅವಳು ಅದನ್ನೂ ಬರ್ಕೊಂಡಳು. ಬರೆದು ತಲೆ ಎತ್ತಿ, "ಹಂಗಾರೆ ಶಕ್ತಿ ಕಾಯೀಲಿರೋದಾ, ಕಣ್ಣಲ್ಲಿರೋದಾ ತಾತ?"

ಎರಡು ದಿನ ಅಪ್ಪ ನನ್ನ ಹತ್ರ ಮಾತಾಡಲಿಲ್ಲ. ಅವಳ ಹತ್ರ ಮಾತ್ರ ಮಾತಾಡ್ತಿದ್ರು. "ಮಗೀಗೆ ಏನ್ ಹೇಳ್ಕೊಟ್ಟೆ ನೀನು?" ಅಂತ ಅಮ್ಮ ನನ್ನನ್ನೇ ಬೈದರು.

1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ವೈಸ್ ಚಾನ್ಸಲರ್ ಆಗಿದ್ದ ಎಚ್. ನರಸಿಂಹಯ್ಯನವರು ಪವಾಡಗಳನ್ನ ಪರೀಕ್ಷಿಸೋಕೆ ಒಂದು ಸಮಿತಿ ಮಾಡಿದ್ದರು. ಅದೇ ವರ್ಷದ 42ನೇ ತಿದ್ದುಪಡಿಯಲ್ಲಿ ವೈಜ್ಞಾನಿಕ ಮನೋಭಾವ ಬೆಳೆಸಿಕೊಳ್ಳೋದು ಪ್ರಜೆಗಳ ಮೂಲಭೂತ ಕರ್ತವ್ಯ ಅಂತ ಸಂವಿಧಾನಕ್ಕೂ ಸೇರಿತು. ಎರಡನ್ನೂ ನಾನು ಪರೀಕ್ಷೆಗೆ ಬಾಯಿಪಾಠ ಮಾಡಿದ್ದೆ. ಯಾರೋ ಗೊತ್ತಿಲ್ಲದ ಬಾಬಾನ ಪವಾಡ ಅನುಮಾನಿಸೋದು ಸುಲಭ ರೀ. ಮನೇಲಿ, ಪ್ರೀತಿಯ ತಾತನ ಮುಂದೆ, ಪ್ರೀತಿ ಕೆಡಿಸದೆ ಕೇಳೋದು ಕಷ್ಟ. ಹತ್ತು ವರ್ಷದ ಹುಡುಗಿ ಅದನ್ನ ಮಾಡಿದಳು, ಕರ್ತವ್ಯ ಗಿರ್ತವ್ಯ ಏನೂ ಗೊತ್ತಿಲ್ಲದೆ.

ಅಪ್ಪ ಮೋಸಗಾರ ಅಲ್ಲ, ಇದನ್ನ ಅವಳಿಗೆ ಬಿಡಿಸಿ ಹೇಳಬೇಕಾಯ್ತು. ಮನಸ್ಸು ಏನನ್ನ ಎದುರು ನೋಡುತ್ತೋ ಅದಕ್ಕೆ ತಕ್ಕಂತೆ ಕೈ ನಮಗೇ ಗೊತ್ತಾಗದಷ್ಟು ಸಣ್ಣದಾಗಿ ಅಲುಗುತ್ತೆ. 1852ರಲ್ಲೇ ವಿಲಿಯಂ ಕಾರ್ಪೆಂಟರ್ ಅನ್ನೋ ಇಂಗ್ಲೆಂಡಿನ ವಿಜ್ಞಾನಿ ಇದಕ್ಕೆ ಐಡಿಯೊಮೋಟರ್ ಅಂತ ಹೆಸರಿಟ್ಟರು. ಅಂಗೈ ಮೇಲೆ ಉರುಳೋ ಕಾಯಿಗೆ ಅಷ್ಟು ಅಲುಗಾಟ ಸಾಕು. ಇನ್ನು ಬೋರಲ್ಲಿ ನೀರು ಬಿದ್ದಿದ್ದು? ನಮ್ಮದು ಗಟ್ಟಿ ಬಂಡೆಯ ನೆಲ, ನೀರು ಇರೋದು ಬಂಡೆಯ ಬಿರುಕುಗಳಲ್ಲಿ, ಮೇಲಿನ ಶಿಥಿಲವಾದ ಪದರದಲ್ಲಿ. ಎಲ್ಲಿ ಕೊರೆದರೂ ಕೆಲವು ಸಲ ಸಿಗುತ್ತೆ, ಕೆಲವು ಸಲ ಇಲ್ಲ. ಸಿಕ್ಕಿದ್ದನ್ನ ಊರೆಲ್ಲ ಹೇಳ್ತಾರೆ, ಫೇಲಾಗಿದ್ದು ಹಣೆಬರಹಕ್ಕೆ ಹೋಗುತ್ತೆ.

1987-88ರಲ್ಲಿ ಜರ್ಮನಿಯ ಮ್ಯೂನಿಕ್ ಹತ್ರ ಒಂದು ಕಣಜದ ಕೆಳಗಿನ ಮಹಡಿಯಲ್ಲಿ ನೀರಿನ ಪೈಪ್ ಇಟ್ಟು, ಅದು ಎಲ್ಲಿದೆ ಅಂತ ಮೇಲಿನ ಮಹಡಿಯಿಂದ ಹೇಳೋಕೆ 43 ಜನರನ್ನ ಬಿಟ್ಟಿದ್ದರು. ಒಟ್ಟು 843 ಸಲ. ಕೆಲವರಿಗೆ ನಿಜವಾದ ಶಕ್ತಿ ಇದೆ ಅಂತ ಆ ತಂಡ ಹೇಳಿತು. ಅದೇ ಅಂಕಿಗಳನ್ನ ಮತ್ತೆ ಲೆಕ್ಕ ಹಾಕಿದ ಅಮೆರಿಕದ ಜೆ.ಟಿ. ಎನ್‌ರೈಟ್, ಬರೀ ಊಹೆಗೂ ಇದಕ್ಕೂ ವ್ಯತ್ಯಾಸ ಇಲ್ಲ ಅಂದರು. ಇದನ್ನ ಪುಟ್ಟಿಗೆ ಹೇಳಿದಾಗ ಅವಳು ಕೇಳಿದ್ದು ಒಂದೇ, "ನಾವು ನಾಲ್ಕೇ ಸಲ ಮಾಡಿದ್ದು ಕಮ್ಮಿ ಆಯ್ತಾ ಮಾವ?"

ಹೌದು, ಕಮ್ಮಿ ಆಯ್ತು.

ಮೂರನೇ ಬೋರು ಬೇಡ ಅಂತ ಅಪ್ಪ ಹೇಳಿಲ್ಲ. ಕಲ್ಲು ಅಲ್ಲೇ ಇದೆ. ಆದ್ರೆ ದುಡ್ಡಿನ ಮಾತು ಮುಂದಕ್ಕೆ ಹೋಗಿದೆ. ಈಗ ಪುಟ್ಟಿಗೆ ಹೊಸ ಪ್ರಶ್ನೆ ಹುಟ್ಟಿದೆ: ಇರೋ ಹಳೇ ಬೋರಲ್ಲಿ ನೀರು ಎಷ್ಟಿದೆ? ಪ್ರತಿ ಭಾನುವಾರ ಬೆಳಿಗ್ಗೆ ಪೈಪ್ ಕೆಳಗೆ 20 ಲೀಟರ್ ಬಕೆಟ್ ಇಟ್ಟು, ತುಂಬೋಕೆ ಎಷ್ಟು ಸೆಕೆಂಡ್ ಅಂತ ಅಕ್ಕನ ಫೋನಲ್ಲಿ ನೋಡಿ ಬರೀತಾಳೆ. ಮೊದಲ ವಾರ 14, ಆಮೇಲೆ ಮತ್ತೆ 14, ಆಮೇಲೆ 15.

ಮೊನ್ನೆ ಭಾನುವಾರ ಫೋನ್ ಮಾಡಿದ್ದು ಅಪ್ಪ. "17 ಆಯ್ತು ಕಣೋ. ಸಂಜೆ ಇನ್ನೊಂದ್ಸಲ ಇಟ್ಟು ನೋಡನ ಅಂತವ್ಳೆ."