ಪಾಠ ಮಾಡುವವರೇ ಮುಂದೆ ನಿಂತು ಕರೆದೊಯ್ಯಲಿ

ಗೆ,
ಮಾನ್ಯ ಕುಲಪತಿಗಳು,
ಬೆಂಗಳೂರು ಉತ್ತರ ವಿಶ್ವವಿದ್ಯಾಲಯ,
ಟಮಕ, ಕೋಲಾರ.

ಮಾನ್ಯರೇ,

ವಿಷಯ: ಪದವಿ ಕಾಲೇಜಿನ ಅಧ್ಯಾಪಕರೇ ರೂಪಿಸಿ ನಡೆಸುವ ವಿದೇಶ ಅಧ್ಯಯನ ಕೋರ್ಸಿಗೆ ಅನುಮತಿ ಕೋರಿ.

ಕೇಳಬೇಕಾದ್ದನ್ನು ಮೊದಲೇ ಕೇಳಿಬಿಡುತ್ತೇನೆ. ನಿಮ್ಮ ವ್ಯಾಪ್ತಿಯ ಯಾವುದಾದರೂ ಒಂದು ಸರ್ಕಾರಿ ಪದವಿ ಕಾಲೇಜಿನ ಅಧ್ಯಾಪಕರು ತಾವೇ ಪಠ್ಯ ಬರೆದು, ಹದಿನೈದು ವಿದ್ಯಾರ್ಥಿಗಳನ್ನು ಕರೆದುಕೊಂಡು ಹೋಗಿ, ಎರಡು ವಾರ ಹೊರದೇಶದಲ್ಲಿ ಪಾಠ ನಡೆಸಿ ಬರಲು ಅವಕಾಶ ಕೊಡಿ. ಆ ಓದಿಗೆ ಕ್ರೆಡಿಟ್ ಕೊಡಿ. ದುಡ್ಡಿನ ಮಾತು ಆಮೇಲೆ ಆಡೋಣ.

ನಾನು ಕಾಮಸಮುದ್ರದವನು, ಪದವಿ ತರಗತಿಗಳಿಗೆ ಪಾಠ ಮಾಡುವವನು. ನಮ್ಮ ಹೋಬಳಿ ಬಂಗಾರಪೇಟೆ ತಾಲ್ಲೂಕಿನ ಅಂಚಿನಲ್ಲಿದೆ. ರೈಲು ಹತ್ತಿದರೆ ಸ್ವಲ್ಪ ಹೊತ್ತಿಗೆ ಆಂಧ್ರದ ಕುಪ್ಪಂ ಬರುತ್ತದೆ, ಅದನ್ನು ದಾಟಿದರೆ ತಮಿಳುನಾಡು. ಇಲ್ಲಿನ ಎಷ್ಟೋ ಹುಡುಗರು ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಕೆಜಿಎಫ್‌ನಲ್ಲಿ ತಮಿಳು ಆಡುತ್ತಾರೆ. ಅದನ್ನು ಯಾರೂ ವಿದ್ಯೆ ಎಂದು ಲೆಕ್ಕಕ್ಕೆ ಹಿಡಿದಿಲ್ಲ. ರಾಜ್ಯದ ಗಡಿ ದಾಟುವುದು ಇವರಿಗೆ ದಿನದ ಮಾತು. ಆದರೆ ವಿದೇಶದಲ್ಲಿ ಓದುವುದು ಎಂದರೆ ಕಣ್ಣ ಮುಂದೆ ಬರುವುದು ಬೆಂಗಳೂರಿನ ಕನ್ಸಲ್ಟೆನ್ಸಿ ಬೋರ್ಡು, ಬ್ಯಾಂಕಿನ ಸಾಲ, ಅಡವಿಡಬೇಕಾದ ಜಮೀನು. ಇದಕ್ಕಿಂತ ಕಡಿಮೆ ಖರ್ಚಿನ, ಮರ್ಯಾದೆಯ ದಾರಿಯೊಂದಿದೆ. ಅದು ಶುರುವಾಗಿ ನೂರು ವರ್ಷ ದಾಟಿದೆ.

ಮೊದಲ ಮಹಾಯುದ್ಧದಲ್ಲಿ ಸೈನಿಕನಾಗಿದ್ದ ರೇಮಂಡ್ ಕರ್ಕ್‌ಬ್ರೈಡ್ ಅಮೆರಿಕದ ಡೆಲವೇರ್ ವಿಶ್ವವಿದ್ಯಾಲಯದಲ್ಲಿ ಭಾಷೆ ಕಲಿಸುತ್ತಿದ್ದ ಅಧ್ಯಾಪಕ. ಫ್ರೆಂಚ್ ಕಲಿಯುವವರು ಒಂದು ವರ್ಷ ಫ್ರಾನ್ಸಿನಲ್ಲೇ ಓದಲಿ, ಆ ವರ್ಷವನ್ನು ಪದವಿಯ ಲೆಕ್ಕಕ್ಕೆ ಸೇರಿಸಿಕೊಳ್ಳೋಣ ಎಂದು ಆತ ಸೂಚಿಸಿದ. ಅಲ್ಲಿನ ಅಧ್ಯಕ್ಷ ವಾಲ್ಟರ್ ಹಲಿಹೆನ್, ಅಂದರೆ ನಿಮ್ಮ ಸ್ಥಾನದಲ್ಲಿದ್ದವರು, ಒಪ್ಪಿದರು. ವಿಶ್ವವಿದ್ಯಾಲಯದ ಬೊಕ್ಕಸದಿಂದ ಹಣ ಸಿಗದಿದ್ದಾಗ ಉದ್ಯಮಿ ಪಿಯರ್ ಡುಪಾಂಟ್ ಮುಂತಾದವರ ಬಳಿ ದೇಣಿಗೆ ಎತ್ತಿದರು. 1923ರ ಜುಲೈನಲ್ಲಿ ಎಂಟು ವಿದ್ಯಾರ್ಥಿಗಳು ಕರ್ಕ್‌ಬ್ರೈಡ್ ಜೊತೆ ಹಡಗು ಹತ್ತಿದರು. ಇಂದು ಅಮೆರಿಕದ ಕಾಲೇಜುಗಳಲ್ಲಿ ಮನೆಮಾತಾಗಿರುವ ವಿದೇಶ ಅಧ್ಯಯನದ ಪದ್ಧತಿ ಹೀಗೆ ಬೇರುಬಿಟ್ಟಿತು. ದೊಡ್ಡ ಹೆಸರಿನ ವಿಶ್ವವಿದ್ಯಾಲಯದಲ್ಲಲ್ಲ, ಒಂದು ಸಣ್ಣ ರಾಜ್ಯದ ವಿಶ್ವವಿದ್ಯಾಲಯದಲ್ಲಿ.

ಈಗ ಅಂಥ ತಂಡಗಳು ನಮ್ಮಲ್ಲಿಗೂ ಬರುತ್ತವೆ. ಕಾರ್ನೆಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಮೈಸೂರಿಗೆ ಬಂದು ಸ್ವಯಂಸೇವಾ ಸಂಸ್ಥೆಯಾದ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಜೊತೆ ಕೆಲಸ ಮಾಡುತ್ತಾ ಕಲಿತು ಹೋಗಿದ್ದಾರೆ. ನಮ್ಮ ಹಳ್ಳಿಗಳು ಅವರಿಗೆ ಪಾಠಶಾಲೆಯಾದವು, ಒಳ್ಳೆಯದೇ. ನಮ್ಮ ಹಳ್ಳಿಯ ಮಕ್ಕಳಿಗೆ ಯಾವ ದೇಶ ಪಾಠಶಾಲೆ?

ಈ ಸೀಮೆಗೆ ಹೊರಗಿನ ವಿದ್ವಾಂಸರು ಬಂದದ್ದೂ ಹೊಸತೇನಲ್ಲ. 1965ರಲ್ಲಿ ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿಯೊಳಗೆ, ಎರಡು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ, ವಾಯುಮಂಡಲದಲ್ಲಿ ಹುಟ್ಟುವ ನ್ಯೂಟ್ರಿನೊ ಕಣಗಳ ಸುಳಿವು ಸಿಕ್ಕಿತು. ಆ ತಂಡದಲ್ಲಿ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಎಂ.ಜಿ.ಕೆ. ಮೆನನ್ ಮತ್ತು ನಮ್ಮ ನಂಜನಗೂಡಿನವರಾದ ಬಿ.ವಿ. ಶ್ರೀಕಂಠನ್ ಇದ್ದರು. ಜಪಾನಿನ ಒಸಾಕಾ ಸಿಟಿ ವಿಶ್ವವಿದ್ಯಾಲಯದ ಮಿಯಾಕೆ, ಇಂಗ್ಲೆಂಡಿನ ಡರಹ್ಯಾಂ ವಿಶ್ವವಿದ್ಯಾಲಯದ ವುಲ್ಫೆಂಡೇಲ್ ಕೂಡ ಇದ್ದರು. ಅದೇ ವರ್ಷ ದಕ್ಷಿಣ ಆಫ್ರಿಕದ ಚಿನ್ನದ ಗಣಿಯೊಂದರಲ್ಲಿ ಅಮೆರಿಕದ ಫ್ರೆಡೆರಿಕ್ ರೈನ್ಸ್ ತಂಡಕ್ಕೂ ಇದೇ ಸುಳಿವು ಸಿಕ್ಕಿತು. ಮೂರು ದೇಶದ ಮೇಷ್ಟ್ರುಗಳು ನಮ್ಮ ಗಣಿಗೆ ಇಳಿದದ್ದು, ಅವರ ಪ್ರಶ್ನೆಗೆ ಬೇಕಾದ ಆಳ ಇಲ್ಲಿ ಇದ್ದುದರಿಂದ. ನಾನು ಹೇಳುವ ಕೋರ್ಸಿನ ಸೂತ್ರವೂ ಇದೇ. ಪ್ರಶ್ನೆ ಮೊದಲು ಹುಟ್ಟಬೇಕು, ಯಾವ ದೇಶ ಎಂಬುದನ್ನು ಆ ಪ್ರಶ್ನೆ ತೀರ್ಮಾನಿಸಬೇಕು.

ಸರ್ಕಾರ ಏನೂ ಮಾಡಿಲ್ಲ ಎಂದು ನಾನು ಹೇಳುತ್ತಿಲ್ಲ. 2023ರಲ್ಲಿ ರಾಜ್ಯ ಉನ್ನತ ಶಿಕ್ಷಣ ಪರಿಷತ್ತು ಬ್ರಿಟಿಷ್ ಕೌನ್ಸಿಲ್ ಜೊತೆಗೂಡಿ ಸ್ಕೌಟ್ ಎಂಬ ಯೋಜನೆ ತಂದು, ಸರ್ಕಾರಿ ವಿಶ್ವವಿದ್ಯಾಲಯಗಳ ಆಯ್ದ ಪದವಿ ವಿದ್ಯಾರ್ಥಿಗಳನ್ನು ಎರಡು ವಾರ ಬ್ರಿಟನ್ನಿಗೆ ಕಳಿಸಿತು. ಮೆಚ್ಚಬೇಕಾದ ಕೆಲಸ. ಆದರೆ ಇಡೀ ರಾಜ್ಯದಿಂದ ಆರಿಸಿದಾಗ ಒಂದು ಕಾಲೇಜಿನ ಪಾಲಿಗೆ ಒಬ್ಬರು ಬಂದರೆ ಹೆಚ್ಚು. ಹೋಗಿ ಬಂದವರಿಗೆ ಅನುಭವ ಉಳಿಯುತ್ತದೆ, ಅವರ ತರಗತಿಗೆ ಏನೂ ದಾಟುವುದಿಲ್ಲ. ಅಧ್ಯಾಪಕರು ಒಂದು ತರಗತಿಯನ್ನೇ ಕರೆದೊಯ್ದರೆ ಪಾಠ ಕಾಲೇಜಿನಲ್ಲೇ ಉಳಿಯುತ್ತದೆ. ಮುಂದಿನ ವರ್ಷದ ಮಕ್ಕಳಿಗೂ ಅವರು ಅದೇ ಪತ್ರಿಕೆಯನ್ನು ಪಾಠ ಮಾಡುತ್ತಾರಲ್ಲ.

ಒಂದು ಉದಾಹರಣೆ ಬಿಡಿಸಿ ಹೇಳುತ್ತೇನೆ. ರಾಗಿ ತೆನೆಗಟ್ಟುವ ಹೊತ್ತಿಗೆ ನಮ್ಮ ಹೋಬಳಿಯ ಕಾಡಂಚಿನ ಊರುಗಳಿಗೆ ಆನೆ ಬರುತ್ತದೆ. ರೈತರು ರಾತ್ರಿಯೆಲ್ಲ ಟಾರ್ಚು, ಪಟಾಕಿ ಹಿಡಿದು ಹೊಲ ಕಾಯುತ್ತಾರೆ. ಬೆಳೆ ಹೋದರೆ ಪರಿಹಾರಕ್ಕೆ ಅರ್ಜಿ, ಜೀವ ಹೋದರೆ ರಸ್ತೆ ತಡೆ. ಆನೆ ಓಡಿಸುವ ಮನೆಯ ಹುಡುಗ ಬೆಳಿಗ್ಗೆ ಎದ್ದು ಕಾಲೇಜಿಗೆ ಬಂದು, ತನ್ನೂರಿನ ಹೆಸರೇ ಇಲ್ಲದ ಪರಿಸರ ಅಧ್ಯಯನದ ಪುಸ್ತಕ ಓದಿ ಪರೀಕ್ಷೆ ಬರೆಯುತ್ತಾನೆ.

ಇದೇ ಪಾಡು ಶ್ರೀಲಂಕೆಯದು, ನಮಗಿಂತ ಎಷ್ಟೋ ಪಟ್ಟು ತೀವ್ರವಾಗಿ. ಈಚಿನ ಕೆಲವು ವರ್ಷಗಳಲ್ಲಿ ಅಲ್ಲಿ ವರ್ಷಕ್ಕೆ 400ಕ್ಕೂ ಹೆಚ್ಚು ಆನೆಗಳು, 100ಕ್ಕೂ ಹೆಚ್ಚು ಜನ ಸತ್ತಿದ್ದಾರೆ. ಅಲ್ಲಿನ ಒಣಭೂಮಿಯ ಕೆಲವು ಊರುಗಳಲ್ಲಿ ರೈತರು ತಾವೇ ಸೇರಿ ಒಂದು ಉಪಾಯ ನಡೆಸಿಕೊಂಡು ಬಂದಿದ್ದಾರೆ. ಬಿತ್ತನೆ ಹೊತ್ತಿಗೆ ಗದ್ದೆಬಯಲಿನ ಸುತ್ತ ವಿದ್ಯುತ್ ಬೇಲಿ ಹಾಕುತ್ತಾರೆ. ಕೊಯ್ಲು ಮುಗಿದ ಮೇಲೆ ಅದನ್ನು ಬಿಚ್ಚಿ, ಕೂಳೆ ಮೇಯಲು ಆನೆಗಳಿಗೆ ಬಿಟ್ಟುಕೊಡುತ್ತಾರೆ. ಬೇಲಿ ಕಾಡಿನ ಗಡಿಯಲ್ಲಿಲ್ಲ, ಬೆಳೆಯ ಸುತ್ತ ಇದೆ. ಅದನ್ನು ನೋಡಿಕೊಳ್ಳುವವರು ಬೆಳೆ ಇಟ್ಟವರೇ. ಇದು ಕಾಮಸಮುದ್ರದ ರಾಗಿ ಹೊಲಕ್ಕೆ, ಟೊಮೆಟೊ ತೋಟಕ್ಕೆ ಒಗ್ಗುತ್ತದೋ ಇಲ್ಲವೋ? ಭತ್ತದ ಬಯಲು ಒಟ್ಟಿಗೆ ಇರುತ್ತದೆ, ನಮ್ಮ ಹೊಲಗಳು ಚದುರಿವೆ, ವರ್ಷವಿಡೀ ಏನಾದರೂ ಬೆಳೆ ಇರುತ್ತದೆ. ಹಾಗಾದರೆ ಬೇಲಿ ಬಿಚ್ಚುವುದು ಯಾವಾಗ? ಹದಿನೈದು ವಿದ್ಯಾರ್ಥಿಗಳು ಹೊತ್ತುಕೊಂಡು ಹೋಗಬೇಕಾದ ಪ್ರಶ್ನೆ ಇಂಥದ್ದು.

ಆತಿಥ್ಯಕ್ಕೆ ಪೆರಾದೆನಿಯ ವಿಶ್ವವಿದ್ಯಾಲಯವನ್ನು ಕೇಳಬಹುದು, ಆನೆ ಸೀಮೆಗೆ ಹತ್ತಿರದಲ್ಲೇ ಇರುವ ಮಿಹಿಂತಲೆಯ ರಜರಟ ವಿಶ್ವವಿದ್ಯಾಲಯವನ್ನೂ ಕೇಳಬಹುದು. ಬೆಂಗಳೂರಿನಿಂದ ಕೊಲಂಬೊಗೆ ನೇರ ವಿಮಾನವಿದೆ. ಇನ್ನೊಂದು ಅನುಕೂಲ ದುಡ್ಡಿಗೆ ಸಿಗುವಂಥದ್ದಲ್ಲ: ಶ್ರೀಲಂಕೆಯಲ್ಲಿ ತಮಿಳು ಅಧಿಕೃತ ಭಾಷೆ. ಸಿಂಹಳ ಹಳ್ಳಿಗೆ ದುಭಾಷಿ ಬೇಕಾದೀತು. ಆದರೆ ಅಲ್ಲಿನ ತಮಿಳು ಸಹಪಾಠಿಗಳ ಜೊತೆ ಮಾತಿಗೆ ಕೂರಲು ಕೆಜಿಎಫ್, ಬಂಗಾರಪೇಟೆಯ ಮಕ್ಕಳಿಗೆ ಇಂಗ್ಲಿಷಿನ ಅಂಜಿಕೆ ಅಡ್ಡ ಬರುವುದಿಲ್ಲ.

ಎರಡನೆಯ ಕೋರ್ಸು ಕೆಜಿಎಫ್‌ನದೇ. 2001ರ ಫೆಬ್ರುವರಿ 28ಕ್ಕೆ ಗಣಿ ಮುಚ್ಚಿತು, ಚಿನ್ನ ತೆಗೆದು ಸುರಿದ ತ್ಯಾಜ್ಯದ ಸಯನೈಡ್ ಗುಡ್ಡಗಳು ಉಳಿದವು. ಅಂಥ 13 ಗುಡ್ಡಗಳಿಂದ ಮತ್ತೆ ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ 2024ರ ಜೂನ್‌ನಲ್ಲಿ ರಾಜ್ಯ ಸಂಪುಟ ಒಪ್ಪಿತು. ಜೋಹಾನ್ಸ್‌ಬರ್ಗಿನಲ್ಲಿ ಈ ಕೆಲಸ ದಶಕಗಳಿಂದ ನಡೆದಿದೆ. ಅಲ್ಲಿನ ವಿಟ್‌ವಾಟರ್ಸ್‌ರ್ಯಾಂಡ್ ವಿಶ್ವವಿದ್ಯಾಲಯ ಬೆಳೆದದ್ದೇ ಗಣಿ ಶಾಲೆಯಿಂದ. ದೂಳಿಗೆ ಏನು ಮಾಡಿದರು, ಸುತ್ತಲ ಬಡಾವಣೆಗಳ ಜನರ ಪಾಡೇನಾಯಿತು ಎಂಬುದನ್ನು ನಮ್ಮ ರಸಾಯನಶಾಸ್ತ್ರ, ಅರ್ಥಶಾಸ್ತ್ರದ ಮಕ್ಕಳು ಇಲ್ಲಿ ಕೆಲಸ ಶುರುವಾಗುವ ಮೊದಲೇ ನೋಡಿ ಬರುವುದು ಒಳ್ಳೆಯದು. ಖರ್ಚು ಹೆಚ್ಚು, ಆದ್ದರಿಂದ ಇದು ಆಮೇಲಿನದು.

ಇನ್ನು ನಡೆಸುವ ಬಗೆ. ಯುಜಿಸಿ 2022ರ ಮೇ ತಿಂಗಳಲ್ಲಿ ಹೊರಡಿಸಿದ ನಿಯಮಗಳು ಟ್ವಿನಿಂಗ್, ಜಂಟಿ ಪದವಿ, ದ್ವಿಪದವಿಗಳ ಬಗ್ಗೆ ಮಾತಾಡುತ್ತವೆ. ನ್ಯಾಕ್ ಅಂಕ, ಶ್ರೇಯಾಂಕ ಎಂಬ ಮೆಟ್ಟಿಲುಗಳು ಅಲ್ಲಿವೆ. ನಾನು ಕೇಳುತ್ತಿರುವುದು ಜಂಟಿ ಪದವಿಯಲ್ಲ. ಕೋರ್ಸು, ಮೌಲ್ಯಮಾಪನ, ಕ್ರೆಡಿಟ್ ಮೂರೂ ನಮ್ಮವೇ. ಹೊರಗಿನ ವಿಶ್ವವಿದ್ಯಾಲಯ ಆತಿಥ್ಯ ಕೊಡುತ್ತದೆ, ಒಂದೆರಡು ಉಪನ್ಯಾಸ ಕೊಡುತ್ತದೆ. ಮೂರು ಕ್ರೆಡಿಟ್‌ನ ಐಚ್ಛಿಕ ಪತ್ರಿಕೆ ಸಾಕು. ಹೊರಡುವ ಮುಂಚೆ ಕಾಲೇಜಿನಲ್ಲಿ 15 ಗಂಟೆಯ ಪಾಠಕ್ಕೆ ಒಂದು ಕ್ರೆಡಿಟ್, ಅಲ್ಲಿ 60 ಗಂಟೆಯ ಕ್ಷೇತ್ರಕಾರ್ಯಕ್ಕೆ ಎರಡು. ಪೂರ್ವಸಿದ್ಧತೆಯ ಪಾಠಕ್ಕೆ ಗೈರಾದವರಿಗೆ ಟಿಕೆಟ್ ಇಲ್ಲ. ಈ ಒಂದು ನಿಯಮವೇ ಕೋರ್ಸನ್ನು ಟೂರ್ ಆಗದಂತೆ ಕಾಯುತ್ತದೆ.

ಅಧ್ಯಾಪಕರು ಹಿಂದಿನ ವರ್ಷವೇ ಒಬ್ಬರೇ ಹೋಗಿ ಜಾಗ ನೋಡಿ ಬರಬೇಕು. ಉಳಿಯುವ ಕೋಣೆ, ಹತ್ತಿರದ ಆಸ್ಪತ್ರೆ, ಬಸ್ಸು, ಊಟ ಎಲ್ಲವನ್ನೂ ಕಣ್ಣಾರೆ ನೋಡದೆ ಯಾರ ಮಕ್ಕಳನ್ನೂ ಕರೆದೊಯ್ಯಬಾರದು. ತಂಡದ ಜೊತೆ ಇಬ್ಬರು ಹೋಗಬೇಕು, ಅವರಲ್ಲಿ ಒಬ್ಬರು ಮಹಿಳೆ ಇರಲೇಬೇಕು. ಒಂದು ಮಗು ಜ್ವರ ಬಂದು ಆಸ್ಪತ್ರೆ ಸೇರಿದರೆ ಒಬ್ಬರು ಅಲ್ಲಿ ಕೂರಬೇಕು, ಇನ್ನೊಬ್ಬರು ಪಾಠ ನಡೆಸಬೇಕು. ಹೆಣ್ಣುಮಕ್ಕಳ ಮನೆಗೆ ಹೋಗಿ ತಂದೆತಾಯಿಯನ್ನು ಒಪ್ಪಿಸುವ ಕೆಲಸವನ್ನು ಮೇಡಮ್ಮೇ ಚೆನ್ನಾಗಿ ಮಾಡಬಲ್ಲರು.

ಪಾಸ್‌ಪೋರ್ಟ್ ಸಣ್ಣ ವಿಷಯವೆಂದು ತಿಳಿಯಬೇಡಿ. ಶುಲ್ಕ 1,500 ರೂಪಾಯಿ, ಅದನ್ನು ಹೇಗೋ ಹೊಂದಿಸಬಹುದು. ತೊಡಕಿರುವುದು ಇನಿಷಿಯಲ್ಲಿನಲ್ಲಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ‘ಎಂ’ ಎಂದಿರುವುದು ಆಧಾರ್‌ನಲ್ಲಿ ‘ಮುನಿಯಪ್ಪ’ ಎಂದಿರುತ್ತದೆ, ರೇಷನ್ ಕಾರ್ಡಿನಲ್ಲಿ ಎರಡೂ ಇರುವುದಿಲ್ಲ. ಇದನ್ನು ಸರಿಪಡಿಸಲು ತಿಂಗಳುಗಳು ಬೇಕು. ಮೊದಲ ಸೆಮಿಸ್ಟರಿನಲ್ಲೇ ಕಾಲೇಜಿನಲ್ಲಿ ಒಂದು ದಾಖಲೆ ಶಿಬಿರ ಮಾಡಿದರೆ, ವಿದೇಶಕ್ಕೆ ಹೋಗದವರಿಗೂ ಉಪಕಾರವಾಗುತ್ತದೆ.

ನಿಮ್ಮ ಕಚೇರಿಯಿಂದ ಆಗಬೇಕಾದ್ದು ಇಷ್ಟು. ಈ ಪತ್ರಿಕೆಗೆ ವಿದ್ಯಾವಿಷಯಕ ಪರಿಷತ್ತಿನ ಒಪ್ಪಿಗೆ. ಹೋಗುವ ಅಧ್ಯಾಪಕರಿಗೆ ರಜೆಯ ಬದಲು ಓಓಡಿ (ಅನ್ಯ ಕಾರ್ಯ ನಿಮಿತ್ತ), ಏಕೆಂದರೆ ಅವರು ಅಲ್ಲೂ ಕೆಲಸದ ಮೇಲೆಯೇ ಇರುತ್ತಾರೆ. ಕಾಲೇಜು ಶಿಕ್ಷಣ ಇಲಾಖೆಯಿಂದ ಬೇಕಾದ ವಿದೇಶ ಪ್ರಯಾಣದ ಅನುಮತಿಗೆ ವಿಶ್ವವಿದ್ಯಾಲಯದ ಶಿಫಾರಸು. ಅತಿಥಿ ಉಪನ್ಯಾಸಕರಿಗೂ ಕೋರ್ಸು ಸೂಚಿಸುವ, ಜೊತೆಗೆ ಹೋಗುವ ಹಕ್ಕು. ಸರ್ಕಾರಿ ಕಾಲೇಜುಗಳಲ್ಲಿ ಪಾಠದ ದೊಡ್ಡ ಭಾರ ಹೊತ್ತಿರುವವರು ಅವರು. ವಿಮೆ, ವೀಸಾ, ತುರ್ತು ದೂರವಾಣಿ ನೋಡಿಕೊಳ್ಳಲು ವಿಶ್ವವಿದ್ಯಾಲಯದಲ್ಲಿ ಒಬ್ಬ ಅಧಿಕಾರಿ. ಪ್ರವಾಸಿ ವೀಸಾದಲ್ಲಿ ಪಾಠಕ್ಕೆ ಹೋಗುವ ಅಡ್ಡದಾರಿ ಯಾರೂ ಹಿಡಿಯದಂತೆ ನೋಡುವುದೂ ಅವರ ಕೆಲಸ.

ಈಗ ದುಡ್ಡು. ಕೆಜಿಎಫ್, ಬಂಗಾರಪೇಟೆ ಎರಡೂ ಪರಿಶಿಷ್ಟ ಜಾತಿಗೆ ಮೀಸಲಾದ ವಿಧಾನಸಭಾ ಕ್ಷೇತ್ರಗಳು. ಪರಿಶಿಷ್ಟ ವಿದ್ಯಾರ್ಥಿಗಳಿಗೆಂದು ರಾಜ್ಯದ ಪ್ರಬುದ್ಧ ಯೋಜನೆ, ಕೇಂದ್ರದ ಸಾಗರೋತ್ತರ ವಿದ್ಯಾರ್ಥಿವೇತನ ಇವೆಯಾದರೂ ಅವು ವಿದೇಶದಲ್ಲಿ ಪೂರ್ಣ ಪದವಿ ಓದುವವರಿಗೆ. ಎರಡು ವಾರದ ಓದಿಗೂ ಒಂದು ಪಾಲು ಕೇಳುವ ಪತ್ರ ನಿಮ್ಮ ಸಹಿಯಲ್ಲಿ ಹೋದರೆ ತೂಕವೇ ಬೇರೆ. ನರಸಾಪುರದಲ್ಲಿ ಐಫೋನ್ ಜೋಡಿಸುವ, ಸ್ಕೂಟರ್ ತಯಾರಿಸುವ ಕಾರ್ಖಾನೆಗಳಿವೆ, ಅವುಗಳಿಗೆ ಸಿಎಸ್‌ಆರ್ ಹಣ ಖರ್ಚು ಮಾಡುವ ಕಾನೂನಿನ ಹೊಣೆಯಿದೆ. ಹಲಿಹೆನ್ ಅಂದು ಡುಪಾಂಟ್ ಮನೆ ಬಾಗಿಲಿಗೆ ಹೋದರು. ನಿಮಗೆ ನರಸಾಪುರ ಟಮಕದಿಂದ ಹೆದ್ದಾರಿಯಲ್ಲೇ ಇದೆ. ವಿದ್ಯಾರ್ಥಿಯ ಆಯ್ಕೆಯಲ್ಲಿ ಅಂಕದ ಜೊತೆ ಪ್ರಶ್ನೆಯನ್ನೂ ನೋಡಿ. ಆನೆ ಹೊಲಕ್ಕೆ ನುಗ್ಗಿದ ಮನೆಯ ಮಗಳು ಶೇಕಡ 58 ತೆಗೆದಿದ್ದರೂ ಆ ತಂಡಕ್ಕೆ ಆಸ್ತಿಯೇ.

‘ಕಾಲೇಜಿನಲ್ಲಿ ಪ್ರಯೋಗಾಲಯ ನೆಟ್ಟಗಿಲ್ಲ, ನಿಮಗೆ ಫಾರಿನ್ ಬೇಕಾ’ ಎಂದು ಕೇಳುವವರು ಇದ್ದೇ ಇರುತ್ತಾರೆ. ನ್ಯಾಯವಾದ ಮಾತು. ಪ್ರಯೋಗಾಲಯಕ್ಕೆ ಮೀಸಲಾದ ಒಂದು ರೂಪಾಯಿಯನ್ನೂ ಇದಕ್ಕೆ ಮುಟ್ಟಬೇಡಿ. ಆದರೆ ಪ್ರಯೋಗಾಲಯ ಸರಿಯಾಗುವವರೆಗೆ ಸರ್ಕಾರಿ ಕಾಲೇಜಿನ ಮಕ್ಕಳು ಏನನ್ನೂ ಆಸೆಪಡಬಾರದು ಎಂಬ ನಿಯಮ ಮಾಡಿದರೆ, ಖಾಸಗಿ ಕಾಲೇಜಿನ ಮಕ್ಕಳು ಹೋಗಿ ಬರುತ್ತಿರುತ್ತಾರೆ, ನಮ್ಮವರು ನೋಡುತ್ತಿರುತ್ತಾರೆ. ವಿಮಾನದ ದುಡ್ಡು ಒದಗದ ವರ್ಷ ಕುಪ್ಪಂನ ದ್ರಾವಿಡ ವಿಶ್ವವಿದ್ಯಾಲಯದ ಜೊತೆ ಇದೇ ಕೋರ್ಸನ್ನು ಗಡಿಯಾಚೆಯ ಹಳ್ಳಿಗಳಲ್ಲಿ ನಡೆಸಿ ಕೈ ಪಳಗಿಸಿಕೊಳ್ಳಬಹುದು. ಆನೆಗೇನು, ರಾಜ್ಯದ ಗಡಿ ಗೊತ್ತಿಲ್ಲ.

ಬೆಂಗಳೂರು ವಿಶ್ವವಿದ್ಯಾಲಯದಿಂದ ಒಡೆದು 2017ರಲ್ಲಿ ನಿಮ್ಮ ವಿಶ್ವವಿದ್ಯಾಲಯ ಹುಟ್ಟಿತು. ಆ ಮಾತೃಸಂಸ್ಥೆಯ ಕುಲಪತಿಯಾಗಿದ್ದವರು ಡಾ. ಎಚ್. ನರಸಿಂಹಯ್ಯ. ಅವರು ಆಗಿನ ಕೋಲಾರ ಜಿಲ್ಲೆಯ ಗೌರಿಬಿದನೂರು ತಾಲ್ಲೂಕಿನ ಹೊಸೂರಿನವರು. ಓದಲು ಬೆಂಗಳೂರಿಗೆ ನಡೆದುಕೊಂಡೇ ಹೋದ ಬಡಹುಡುಗ, ಮುಂದೆ ಅಮೆರಿಕದ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರದ ಡಾಕ್ಟರೇಟ್ ಪಡೆದು, ನಾಡಿಗೆ ಮರಳಿ ಮೇಷ್ಟ್ರಾಗಿಯೇ ಉಳಿದರು, ಬಾಗೇಪಲ್ಲಿ, ಗೌರಿಬಿದನೂರಿನಂಥ ಊರುಗಳಲ್ಲಿ ಕಾಲೇಜು ಕಟ್ಟಿಸಿದರು. ಅಂಥ ಛಲಗಾರರು ಯಾರ ಸಹಾಯವಿಲ್ಲದೆಯೂ ಹೋಗಿ ಬರುತ್ತಾರೆ. ವಿಶ್ವವಿದ್ಯಾಲಯ ಇರುವುದು ಉಳಿದವರಿಗಾಗಿ.

ಆದ್ದರಿಂದ ಮುಂದಿನ ವಿದ್ಯಾವಿಷಯಕ ಪರಿಷತ್ತಿನ ಸಭೆಯಲ್ಲಿ ಈ ವಿಷಯ ಮಂಡಿಸಿ. ಎಲ್ಲ ಪದವಿ ಕಾಲೇಜುಗಳಿಂದ ಕೋರ್ಸಿನ ಪ್ರಸ್ತಾವ ಕರೆಯಿರಿ, ಬಂದವುಗಳಲ್ಲಿ ಒಂದನ್ನೇ ಆರಿಸಿ, ಒಂದು ವರ್ಷ ನಡೆಸಿ ನೋಡಿ, ವರದಿಯನ್ನು ಕನ್ನಡದಲ್ಲಿ ಎಲ್ಲರಿಗೂ ತೆರೆದಿಡಿ. ಸೋತರೆ ನಿಲ್ಲಿಸಿ. ಗೆದ್ದರೆ ಎರಡನೆಯ ವರ್ಷ ಎರಡು ಮಾಡಿ. ಪ್ರಸ್ತಾವ ಬರೆಯಲು ನಾವು ಸಿದ್ಧರಿದ್ದೇವೆ, ಸುತ್ತೋಲೆ ಹೊರಡಿಸುವುದು ನಿಮ್ಮ ಕೈಯಲ್ಲಿದೆ.

ಇಂತಿ ತಮ್ಮ ವಿಶ್ವಾಸಿ,
ಕಾಮಸಮುದ್ರದ ಒಬ್ಬ ಉಪನ್ಯಾಸಕ