ಸಿಡಿಯದ ಬಾಂಬು ಕಲಿಸುವ ಪಾಠ

ಕಳೆದ ಬೇಸಿಗೆ ರಜೆಯಲ್ಲಿ ನಮ್ಮ ಶಾಲೆಯ ಒಂಬತ್ತನೆಯ ತರಗತಿಯ ಹುಡುಗನೊಬ್ಬನ ತಾಯಿ ಪೇಟೆಯಲ್ಲಿ ಸಿಕ್ಕಿದರು. "ಮಾಸ್ಟ್ರೇ, ನೀವೊಮ್ಮೆ ಮನೆಗೆ ಬಂದು ಇವನಿಗೆ ಬುದ್ಧಿ ಹೇಳಬೇಕು. ಬೆಂಗಳೂರಿನ ಮಾವ ಕಂಪ್ಯೂಟರಿಗೆ ಯಾವುದೋ ಯುದ್ಧವಿಮಾನದ ಆಟ ಹಾಕಿಸಿಕೊಟ್ಟಿದ್ದಾನೆ. ಬೆಳಗಾದರೆ ಬಾಂಬು, ಸಂಜೆಯಾದರೆ ಕ್ಷಿಪಣಿ. ಹುಡುಗ ಕೈಬಿಟ್ಟು ಹೋಗುತ್ತಾನೋ ಎಂದು ಹೆದರಿಕೆ" ಎಂದು ತಮ್ಮ ಅಳಲನ್ನು ತೋಡಿಕೊಂಡರು. ಮರುದಿನ ಸಂಜೆ, ಹೇಳಬೇಕಾದ ಬುದ್ಧಿಮಾತುಗಳನ್ನೆಲ್ಲ ದಾರಿಯುದ್ದಕ್ಕೂ ಜೋಡಿಸಿಕೊಂಡು ಅವರ ಮನೆಗೆ ಹೋದೆ.

ಹೋಗಿ ನೋಡಿದರೆ ಅಲ್ಲಿ ಗದ್ದಲವೇ ಇರಲಿಲ್ಲ. ತೆರೆಯ ಮೇಲೆ ಅಮೆರಿಕದ ಎ-10 ವಿಮಾನದ ಚಾಲಕನ ಕೋಣೆ; ಎತ್ತ ನೋಡಿದರೂ ಗುಂಡಿಗಳು, ಗಡಿಯಾರದಂಥ ಮುಳ್ಳುಗಳು. ಒಂದು ದನಿ ಇಂಗ್ಲಿಷಿನಲ್ಲಿ ನಿಧಾನವಾಗಿ ಪಾಠ ಹೇಳುತ್ತಿತ್ತು. ಯಾವ ಗುಂಡಿಯನ್ನು ಒತ್ತಬೇಕೋ ಅದನ್ನು ಬಣ್ಣದ ಗುರುತು ತೋರಿಸಿಕೊಡುತ್ತಿತ್ತು. ಹುಡುಗನ ಮಗ್ಗುಲಲ್ಲಿ ಒಂದು ನೋಟ್ ಪುಸ್ತಕ. ಅದರಲ್ಲಿ ಕ್ರಮಸಂಖ್ಯೆ ಹಾಕಿ ಕನ್ನಡದಲ್ಲಿ ಬರೆದುಕೊಂಡ ಮೂವತ್ತು ನಲವತ್ತು ಸಾಲು. "ಇಷ್ಟು ಹೊತ್ತಾಯಿತಲ್ಲ, ಒಂದು ಬಾಂಬೂ ಬೀಳಲಿಲ್ಲವೇನೋ?" ಎಂದು ಕೇಳಿದೆ. "ಸ್ವಿಚ್ಚು 'ಟ್ರೈನ್'ನಲ್ಲಿ ಉಂಟು ಸಾರ್. ಬೀಳುವುದಿಲ್ಲ" ಎಂದ. ನಾನು ಕಟ್ಟಿಕೊಂಡು ಹೋಗಿದ್ದ ಬುದ್ಧಿಮಾತಿನ ಗಂಟನ್ನು ಬಿಚ್ಚಲಿಲ್ಲ. ಅವನ ಪಕ್ಕದಲ್ಲೇ ಕುಳಿತು ಒಂದು ಗಂಟೆ ಪಾಠ ಕೇಳಿದೆ.

ಆ ವಿಮಾನದಲ್ಲಿ ಆಯುಧಗಳಿಗೆಲ್ಲ ಯಜಮಾನನಾದ ಒಂದು ಸ್ವಿಚ್ಚು ಇದೆ. ಅದಕ್ಕೆ 'ಮಾಸ್ಟರ್ ಆರ್ಮ್' ಎಂದು ಹೆಸರು. ಮೇಲಕ್ಕೆ ಎತ್ತಿದರೆ 'ಆರ್ಮ್', ಅಂದರೆ ಆಯುಧ ಸಿದ್ಧ. ನಡುವೆ 'ಸೇಫ್', ಅಂದರೆ ಏನೂ ನಡೆಯದು. ಕೆಳಗೆ 'ಟ್ರೈನ್', ಇಲ್ಲಿ ಗುರಿಯ ಗೆರೆಗಳು, ಲೆಕ್ಕಾಚಾರ ಎಲ್ಲವೂ ಯುದ್ಧದಲ್ಲಿ ಇರುವಂತೆಯೇ ತೋರುತ್ತವೆ, ಆದರೆ ಬಾಂಬು ರೆಕ್ಕೆಯನ್ನು ಬಿಟ್ಟು ಕದಲುವುದಿಲ್ಲ. ಇದು ಆಟ ಮಾಡಿದವರ ಕಲ್ಪನೆಯಲ್ಲ. ನಿಜವಾದ ವಿಮಾನದಲ್ಲಿ ಇರುವುದನ್ನೇ 'ಡಿ.ಸಿ.ಎಸ್. ವರ್ಲ್ಡ್' ಎಂಬ ಆ ಕಂಪ್ಯೂಟರ್ ವಿಮಾನದಲ್ಲೂ ಇಟ್ಟಿದ್ದಾರೆ. ಎಫ್-16 ವಿಮಾನದ ಇಂಥದೇ ಸ್ವಿಚ್ಚಿನಲ್ಲೂ 'ಸಿಮ್ಯುಲೇಟ್' ಎಂಬ ಮೂರನೆಯ ಸ್ಥಾನವಿದೆ.

ಇದರಲ್ಲಿ ಹೊಸತೇನು ಎಂದು ಈ ನಾಡಿನ ಓದುಗರು ಕೇಳಿದರೆ ಆಶ್ಚರ್ಯವಿಲ್ಲ. ಚೆಂಡೆ ಕಲಿಯುವ ಹುಡುಗರು ಮೊದಲು ಕಲ್ಲಿನ ಮೇಲೆ ಹುಣಸೆಯ ಕೋಲಿನಿಂದ ಬಡಿದು ಕೈ ತಿದ್ದಿಕೊಳ್ಳುವುದನ್ನು ನಾವು ನೋಡಿದ್ದೇವೆ. ಕಳರಿಯಲ್ಲಿ ಮೊದಲು ಮೈ ಪಳಗಬೇಕು, ಆಮೇಲೆ ಮರದ ಕೋಲು, ಕಬ್ಬಿಣದ ಕತ್ತಿ ಅದರ ನಂತರ. ಟಿ.ಸಿ.ಎಚ್. ಕಲಿಯುವಾಗ ನಾವೂ ಮೊದಲು ಸಹಪಾಠಿಗಳನ್ನೇ ಮಕ್ಕಳೆಂದು ಭಾವಿಸಿ ಪಾಠ ಮಾಡಿದ್ದೆವು. ಅಲ್ಲಿ ತಡವರಿಸಿದರೆ ಗೆಳೆಯರು ನಗುತ್ತಿದ್ದರು, ಅಷ್ಟೇ; ಯಾವ ಮಗುವಿನ ಒಂದು ವರ್ಷವೂ ಹಾಳಾಗುತ್ತಿರಲಿಲ್ಲ.

ವಿಮಾನದ ವಿದ್ಯೆಯಲ್ಲಿ ಈ ತಿಳಿವಳಿಕೆ ಬರಲು ಬಹಳ ಜೀವಗಳು ಹೋಗಬೇಕಾಯಿತು. ಅಮೆರಿಕದ ಎಡ್ವಿನ್ ಲಿಂಕ್ ಎಂಬವರು ಆರ್ಗನ್ ವಾದ್ಯ ತಯಾರಿಸುವ ಮನೆತನದವರು. ನಮ್ಮ ಹಾರ್ಮೋನಿಯಂ ಪೆಟ್ಟಿಗೆಯಲ್ಲಿರುವಂಥ ತಿದಿಗಳನ್ನೇ ಉಪಯೋಗಿಸಿ, ನೆಲದ ಮೇಲೆ ನಿಂತಲ್ಲೇ ವಾಲುವ, ತಿರುಗುವ ವಿಮಾನವೊಂದನ್ನು ಅವರು 1929ರ ಸುಮಾರಿಗೆ ಸಿದ್ಧಪಡಿಸಿದರು. ಸೈನ್ಯ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. 1934ರಲ್ಲಿ ಟಪಾಲು ಸಾಗಿಸುವ ಹೊಣೆ ಸೈನ್ಯದ ವಿಮಾನಗಳ ಮೇಲೆ ಬಿದ್ದಾಗ, ಮಂಜು ಮೋಡಗಳಲ್ಲಿ ಹಾರಲು ಪಳಗದ ಹನ್ನೆರಡು ಮಂದಿ ಕೆಲವೇ ವಾರಗಳಲ್ಲಿ ಸತ್ತರು. ಆ ಬಳಿಕವೇ ಸೈನ್ಯ ಲಿಂಕರ ಆರು ಯಂತ್ರಗಳನ್ನು ಕೊಂಡಿತು.

ಆಯುಧಗಳ ವಿಚಾರದಲ್ಲಂತೂ ತಪ್ಪಿನ ಬೆಲೆ ಇನ್ನೂ ಹೆಚ್ಚು. 1961ರ ಏಪ್ರಿಲ್ 7ರಂದು ಅಮೆರಿಕದ ನ್ಯೂ ಮೆಕ್ಸಿಕೊದಲ್ಲಿ ಒಂದು ಎಫ್-100 ವಿಮಾನ ತಮ್ಮದೇ ಬಿ-52 ವಿಮಾನವನ್ನು ಬೆನ್ನಟ್ಟುವ ಅಭ್ಯಾಸ ನಡೆಸುತ್ತಿತ್ತು. ರೆಕ್ಕೆಯಲ್ಲಿದ್ದುದು ನಿಜವಾದ ಕ್ಷಿಪಣಿ. ತಂತಿಯ ಒಂದು ಸಣ್ಣ ದೋಷದಿಂದ ಅದು ತಾನಾಗಿ ಹಾರಿತು. ಬಿ-52ರಲ್ಲಿದ್ದ ಎಂಟು ಮಂದಿಯಲ್ಲಿ ಮೂವರು ಸತ್ತರು. 1982ರ ಮೇ 25ರಂದು ಪಶ್ಚಿಮ ಜರ್ಮನಿಯ ಆಕಾಶದಲ್ಲಿ ಬ್ರಿಟನ್ನಿನ ಫ್ಯಾಂಟಮ್ ವಿಮಾನವೊಂದು, ಅಭ್ಯಾಸವೆಂದು ಭಾವಿಸಿ, ತಮ್ಮದೇ ಜಾಗ್ವಾರ್ ವಿಮಾನವನ್ನು ನಿಜವಾದ ಕ್ಷಿಪಣಿಯಿಂದ ಹೊಡೆದುರುಳಿಸಿತು. ಮುಖ್ಯ ಸ್ವಿಚ್ಚು ಕದಲದಂತೆ ಅಂಟಿಸಬೇಕಾಗಿದ್ದ ಪಟ್ಟಿ ಅಂದು ಇರಲಿಲ್ಲ. ಜಾಗ್ವಾರ್ ಚಾಲಕ ಧುಮುಕಿ ಬದುಕಿಕೊಂಡದ್ದು ಪುಣ್ಯ. 2018ರ ಆಗಸ್ಟ್ 7ರಂದು ಎಸ್ಟೋನಿಯಾದ ಮೇಲೆ ಅಭ್ಯಾಸದಲ್ಲಿದ್ದ ಸ್ಪೇನಿನ ಯುದ್ಧವಿಮಾನದಿಂದಲೂ ಒಂದು ಕ್ಷಿಪಣಿ ಆಕಸ್ಮಿಕವಾಗಿ ಹಾರಿಹೋಯಿತು. ಮೂರೂ ಕಡೆ ನಡೆಯುತ್ತಿದ್ದುದು ಅಭ್ಯಾಸ. ರೆಕ್ಕೆಯಲ್ಲಿ ತೂಗುತ್ತಿದ್ದುದು ಮಾತ್ರ ನಿಜ.

ಆದಕಾರಣ ಅಭ್ಯಾಸದ ಆಯುಧವನ್ನು ಬೇರೆಯಾಗಿಯೇ ಮಾಡುತ್ತಾರೆ. ಸ್ಫೋಟಕವಿಲ್ಲದ ಅಭ್ಯಾಸದ ಬಾಂಬು, ಕ್ಷಿಪಣಿಗಳಿಗೆ ಅಮೆರಿಕದಲ್ಲಿ ನೀಲಿ ಬಣ್ಣದ ಗುರುತು ಹಾಕುತ್ತಾರೆ. ಬಿ.ಡಿ.ಯು.-33 ಎಂಬ ಪುಟ್ಟ ಬಾಂಬಿನ ತೂಕ ಸುಮಾರು 11 ಕಿಲೋಗ್ರಾಂ. ಬಿದ್ದಲ್ಲಿ ಸ್ವಲ್ಪ ಹೊಗೆ ಏಳುತ್ತದೆ; ಗುರಿ ಎಷ್ಟು ತಪ್ಪಿತೆಂದು ಅದರಿಂದ ಗೊತ್ತಾಗುತ್ತದೆ. ವಿಯೆಟ್ನಾಮ್ ಯುದ್ಧದಲ್ಲಿ, ಮೊದಲ ಹತ್ತು ಹಾರಾಟಗಳಲ್ಲಿ ಬದುಕುಳಿದವನಿಗೆ ಮುಂದೆ ಬದುಕುವ ಸಂಭವ ಬಹಳ ಹೆಚ್ಚು ಎಂಬುದು ಕಂಡುಬಂತು. ಆ ಮೊದಲ ಹತ್ತನ್ನು ಶತ್ರುವಿನ ನೆಲದ ಬದಲು ತಮ್ಮ ನೆಲದಲ್ಲೇ ಮಾಡಿಸಬೇಕೆಂದು ಅಮೆರಿಕದ ವಾಯುಸೇನೆ 1975ರಲ್ಲಿ 'ರೆಡ್ ಫ್ಲ್ಯಾಗ್' ಎಂಬ ಅಭ್ಯಾಸವನ್ನು ಆರಂಭಿಸಿತು.

ನಮ್ಮ ದೇಶದ ಕಥೆ ಇಷ್ಟು ಸುಖದ್ದಲ್ಲ. ಬೆಂಗಳೂರಿನಲ್ಲಿ ತಯಾರಾದ ಕಿರಣ್ ಎಂಬ ನಿಧಾನಗತಿಯ ವಿಮಾನದಲ್ಲಿ ಕಲಿತ ಹುಡುಗರು ಅಲ್ಲಿಂದ ನೇರವಾಗಿ ಮಿಗ್-21ಕ್ಕೆ ಏರಬೇಕಾಗಿತ್ತು. ಇಳಿಯುವಾಗಲೂ ಅತಿ ವೇಗದಲ್ಲಿ ಇಳಿಯುವ, ಸ್ವಲ್ಪವೂ ಉದಾಸೀನವನ್ನು ಸಹಿಸದ ವಿಮಾನ ಅದು. ನಡುವೆ ಒಂದು ಮೆಟ್ಟಿಲು ಬೇಕು, ಅದಕ್ಕೆಂದೇ ಒಂದು ಮುಂದುವರಿದ ತರಬೇತಿ ವಿಮಾನ ಬೇಕು ಎಂದು ಲಾಫೋಂಟೇನ್ ಸಮಿತಿ 1982ರಲ್ಲೇ ಹೇಳಿತು. ಹಾಕ್ ವಿಮಾನಗಳಿಗಾಗಿ ಒಪ್ಪಂದವಾದದ್ದು 2004ರಲ್ಲಿ. ಅವು ನಮ್ಮ ಕನ್ನಡದ ಬೀದರಿನ ವಾಯುನೆಲೆಗೆ ಬಂದು ಸೇರಿದ್ದು 2008ರಲ್ಲಿ. ಒಂದು ಮೆಟ್ಟಿಲು ಕಟ್ಟಲು ಇಪ್ಪತ್ತಾರು ವರ್ಷ! ಮಿಗ್-21ರ ಅಪಘಾತಗಳಿಗೆ ಯಂತ್ರದ ದೋಷ, ಹಕ್ಕಿಗಳ ಹಾವಳಿ, ವಿಮಾನದ ಮುಪ್ಪು, ಹೀಗೆ ಕಾರಣಗಳು ಹಲವು. ಎಲ್ಲವನ್ನೂ ತರಬೇತಿಯ ಕೊರತೆಯ ಮೇಲೆ ಹೊರಿಸುವುದು ನ್ಯಾಯವಲ್ಲ. ಆದರೆ ಆ ಇಪ್ಪತ್ತಾರು ವರ್ಷಗಳಲ್ಲಿ ಮೆಟ್ಟಿಲಿಲ್ಲದೆ ಜಿಗಿಯಬೇಕಾಗಿ ಬಂದವರು ಇಪ್ಪತ್ತರ ಹರೆಯದ ಹುಡುಗರು ಎಂಬುದನ್ನು ಮರೆಯುವುದೂ ನ್ಯಾಯವಲ್ಲ. 2025ರ ಸೆಪ್ಟೆಂಬರ್ 26ರಂದು ಮಿಗ್-21 ನಿವೃತ್ತಿಯಾಯಿತು. ಮಕ್ಕಳನ್ನು ಕಳೆದುಕೊಂಡ ಮನೆಗಳ ದುಃಖಕ್ಕೆ ನಿವೃತ್ತಿಯಿಲ್ಲ.

ಹಾಗಾದರೆ ಕಂಪ್ಯೂಟರಿನ ವಿಮಾನವೆಲ್ಲ ಒಳ್ಳೆಯದೇ ಎಂದು ಕೇಳಿದರೆ, ಅಲ್ಲ ಎಂದೇ ಹೇಳಬೇಕಾಗುತ್ತದೆ. ಅದೇ ಯಂತ್ರದಲ್ಲಿ ಬೇರೆ ಕೆಲವು ಆಯ್ಕೆಗಳೂ ಇವೆ. ಒಂದನ್ನು ಒತ್ತಿದರೆ ನಮ್ಮ ವಿಮಾನಕ್ಕೆ ಯಾವ ಪೆಟ್ಟೂ ತಗಲದು. ಇನ್ನೊಂದನ್ನು ಒತ್ತಿದರೆ ಗುಂಡು ಎಂದೂ ಮುಗಿಯದು. ಎ-10ರ ಫಿರಂಗಿಯಲ್ಲಿ ಸುಮಾರು 1,150 ಗುಂಡುಗಳಿರುತ್ತವೆ. ಅದು ನಿಮಿಷಕ್ಕೆ 3,900ರ ವೇಗದಲ್ಲಿ ಹಾರಿಸುತ್ತದೆ. ಲೆಕ್ಕ ಹಾಕಿದರೆ ಹದಿನೆಂಟು ಸೆಕೆಂಡಿನೊಳಗೆ ಎಲ್ಲ ಖಾಲಿ. ಒಂದೆರಡು ಸೆಕೆಂಡು ಮಾತ್ರ ಒತ್ತಿ ಬೆರಳನ್ನು ತೆಗೆಯಬೇಕೆಂಬ ಸಂಯಮವನ್ನು ಕಲಿಸುವುದು ಆ ಲೆಕ್ಕವೇ. ಮುಗಿಯದ ಗುಂಡು ಯಾವ ಸಂಯಮವನ್ನು ಕಲಿಸೀತು? ಹಾಗೆಯೇ, ತೀರ ಕೆಳಗಿಳಿದು ಬಾಂಬು ಹಾಕಿದವನಿಗೆ ತನ್ನದೇ ಬಾಂಬಿನ ಸ್ಫೋಟ ಬಡಿಯುತ್ತದೆ. ಪೆಟ್ಟು ತಗಲದ ವಿಮಾನದಲ್ಲಿ ಕುಳಿತವನಿಗೆ ಇದು ಎಂದೂ ತಿಳಿಯುವುದಿಲ್ಲ. ವಿಮಾನವನ್ನು ನೇರವಾಗಿ ಹಾರಿಸಲೂ ಬಾರದ ಮೊದಲ ದಿನಗಳಲ್ಲಿ ಈ ಆಯ್ಕೆ ಕ್ಷಮ್ಯ. ಅದೇ ಅಭ್ಯಾಸವಾದರೆ ವಿದ್ಯೆ ಅಲ್ಲಿಗೇ ನಿಂತಿತು.

ನಾನು ಹೇಳಬೇಕೆಂದಿರುವುದು ಇಷ್ಟೇ: ಮಕ್ಕಳು ತಪ್ಪು ಮಾಡಬೇಕಾದ್ದು ತಪ್ಪಿನ ಬೆಲೆ ಅಗ್ಗವಾಗಿರುವ ಜಾಗದಲ್ಲಿ. ಆದರೆ ತಪ್ಪಿಗೆ ಬೆಲೆಯೇ ಇಲ್ಲವೆಂದು ಅವರಿಗೆ ಕಲಿಸಬಾರದು. 'ಟ್ರೈನ್' ಎಂಬ ಸ್ವಿಚ್ಚು ತಪ್ಪನ್ನು ತೋರಿಸಿಕೊಡುತ್ತದೆ, ಜೀವವನ್ನು ಉಳಿಸುತ್ತದೆ. ಪೆಟ್ಟು ತಗಲದಂತೆ ಮಾಡುವ ಗುಂಡಿಯಾದರೋ ತಪ್ಪನ್ನೇ ಮುಚ್ಚಿಹಾಕುತ್ತದೆ. ಹೊರಗಿನಿಂದ ನೋಡಿದವರಿಗೆ ಎರಡೂ ಒಂದೇ ಬಗೆಯ ಸುರಕ್ಷಿತತೆಯಂತೆ ಕಾಣಬಹುದು. ಒಂದು ಶಾಲೆ, ಇನ್ನೊಂದು ಅಮಲು.

ಇಂಥ ಆಟ ಮನೆಗೆ ಬಂದಿದ್ದರೆ ತಂದೆತಾಯಿಗಳು ಆಣೆ ಹಾಕಿ ನಿಲ್ಲಿಸಬೇಕಾಗಿಲ್ಲ; ಒಂದು ಸಂಜೆ ಪಕ್ಕದಲ್ಲಿ ಕುಳಿತು ನೋಡಲಿ. ಮಗ ಮೊದಲು ಪಾಠದ ಭಾಗವನ್ನು ಮುಗಿಸಿದನೇ? ನೆಲದಿಂದ ಏಳುವ ಮೊದಲು ಸ್ವಿಚ್ಚು 'ಸೇಫ್'ನಲ್ಲಿದೆಯೇ ಎಂದು ನೋಡುತ್ತಾನೆಯೇ? ಗುರಿಯನ್ನು ದಾಟಿದ ಕೂಡಲೇ ಮತ್ತೆ 'ಸೇಫ್'ಗೆ ತರುತ್ತಾನೆಯೇ? ಹೊಡೆಯುವ ಮುನ್ನ ಅದು ತಮ್ಮವರೋ ಪರರೋ ಎಂದು ಗುರುತಿಸುತ್ತಾನೆಯೇ? ತಪ್ಪಿದ್ದು ಏಕೆಂದು ಬರೆದಿಡುತ್ತಾನೆಯೇ? ಇವಕ್ಕೆ ಹೌದೆಂಬ ಉತ್ತರ ಬಂದರೆ, ಗಂಟೆಯ ಮಿತಿ ಹಾಕಿ ಬಿಟ್ಟುಬಿಡಲಿ. ಆದರೆ ಒಂದು ಮಾತನ್ನು ಮಾತ್ರ ಮರೆಯದೆ ಹೇಳಲಿ: ತೆರೆಯ ಮೇಲೆ ಕಾಣುವುದು ಚಿತ್ರದ ಗಾಡಿ, ನಿಜವಾದ ಬಾಂಬಿನ ಕೆಳಗೆ ಇರುವುದು ಮನುಷ್ಯರು.

ಆ ಹುಡುಗನ ನೋಟ್ ಪುಸ್ತಕ ನನ್ನ ಕಣ್ಣಿಗೆ ಕಟ್ಟಿದಂತಿದೆ. ದನಿ ಇಂಗ್ಲಿಷಿನಲ್ಲಿ ಹೇಳಿದ್ದನ್ನು ನಾಲ್ಕು ಸಲ ನಿಲ್ಲಿಸಿ ಕೇಳಿ, ಅರ್ಥವಾದುದನ್ನು ಕನ್ನಡದಲ್ಲಿ ಇಳಿಸಿದ್ದ. ಕನ್ನಡ ಮಾಧ್ಯಮದಲ್ಲಿ ಓದಿದರೆ ಯಂತ್ರವಿದ್ಯೆ ತಲೆಗೆ ಹತ್ತದು ಎಂದು ಮದುವೆ ಮುಂಜಿಗಳಲ್ಲಿ ತೀರ್ಪು ಕೊಡುವ ನಮ್ಮವರಿಗೆ ಆ ನಲವತ್ತು ಸಾಲನ್ನು ತೋರಿಸಬೇಕೆನ್ನಿಸಿತು. ಹಾಗೆಯೇ ನನ್ನ ಮೇಲೂ ನನಗೆ ನಾಚಿಕೆಯಾಯಿತು. ನಮ್ಮ ಪ್ರಯೋಗಶಾಲೆಯಲ್ಲಿ ಗಾಜಿನ ನಳಿಕೆ ಒಡೆದೀತೆಂಬ ಭಯದಿಂದ ಬೀಗ ಹಾಕಿದ ಕಪಾಟಿನ ಮುಂದೆ ನಿಂತು ನಾನೇ ಪ್ರಯೋಗ ಮಾಡಿ ತೋರಿಸುತ್ತಿದ್ದೆ. ಮಕ್ಕಳು ಕೈಕಟ್ಟಿ ನೋಡುತ್ತಿದ್ದರು. ಒಂದು ನಳಿಕೆ ಒಡೆದರೆ ಹೋಗುವುದು ಕೆಲವು ರೂಪಾಯಿ. ಅಷ್ಟು ಅಗ್ಗದ ತಪ್ಪನ್ನೂ ಮಾಡಗೊಡದೆ ಅವರನ್ನು ನಾವು ಯಾವ ಆಕಾಶಕ್ಕೆ ಕಳುಹಿಸುತ್ತೇವೆ?

ಶಾಲೆ ತೆರೆದ ಮೇಲೆ ಆ ಕಪಾಟಿನ ಬೀಗದ ಕೈಯನ್ನು ಒಂಬತ್ತನೆಯ ತರಗತಿಯ ಮಕ್ಕಳ ಕೈಗೇ ಕೊಟ್ಟಿದ್ದೇನೆ. ಈವರೆಗೆ ಮೂರು ನಳಿಕೆ ಒಡೆದಿವೆ. ಪ್ರತಿಯೊಂದೂ ಏಕೆ ಒಡೆಯಿತೆಂಬುದನ್ನು ಮಕ್ಕಳೇ ಕನ್ನಡದಲ್ಲಿ ಬರೆದಿಟ್ಟಿದ್ದಾರೆ.